ಕೊರೆಯುವವರು ಯಾರು, ತುಂಬುವವರು ಯಾರು?

ಶಿರಸಿ ಕಡೆಯ ಹಲ್ಲಿನ ಕ್ಲಿನಿಕ್ಕಿಗೆ ಬರುವವರಲ್ಲಿ ಕವಳ (ಎಲೆಅಡಿಕೆ) ಹಾಕುವವರು ಜಾಸ್ತಿ. ಹಲ್ಲೆಲ್ಲ ಕೆಂಪು, ಬುಡದಲ್ಲಿ ಗಟ್ಟಿ ಕಿಟ್ಟ. "ಡಾಕ್ಟ್ರಿಗೆ ಪುರಸೊತ್ತಿಲ್ಲದಿದ್ರೆ ನೀನೇ ಕ್ಲೀನ್ ಮಾಡಿಬಿಡೇ ತಂಗಿ" ಅಂತ ಅಜ್ಜಂದಿರು ನನಗೇ ಹೇಳುತ್ತಾರೆ. ನಾನು ಅಲ್ಲಿ ಬರೀ ಸಹಾಯಕಿ. ಮಾಡಬಹುದಾ? ಹಲ್ಲಿನ ಕ್ಲಿನಿಕ್ಕಿನ ಸಹಾಯಕರು ಯಾವ ಕೆಲಸ ಮಾಡಬಹುದು, ಯಾವುದನ್ನು ಮಾಡಬಾರದು ಎಂಬ ನಮ್ಮ ಪಾಠ ಇಲ್ಲಿಂದಲೇ ಶುರು ಮಾಡೋಣ.

1948ರ ದಂತವೈದ್ಯರ ಕಾಯ್ದೆ ಮೂರು ಬಗೆಯ ಜನರನ್ನು ವಿವರಿಸುತ್ತದೆ: ದಂತವೈದ್ಯ, ಡೆಂಟಲ್ ಹೈಜೀನಿಸ್ಟ್, ಡೆಂಟಲ್ ಮೆಕ್ಯಾನಿಕ್. ಕಿಟ್ಟ ತೆಗೆದು, ಹಲ್ಲು ಶುಚಿ ಮಾಡಿ, ಪಾಲಿಶ್ ಹಾಕುವವರು, ಬಾಯಿ ಸ್ವಚ್ಛ ಇಡುವುದು ಹೇಗೆಂದು ಹೇಳಿಕೊಡುವವರು ಹೈಜೀನಿಸ್ಟ್. ಹಲ್ಲಿನ ಸೆಟ್ಟು ಮಾಡುವವರು, ರಿಪೇರಿ ಮಾಡುವವರು ಮೆಕ್ಯಾನಿಕ್. ಬಾಯಿಯ ನೀರು ಎಳೆಯುವ ಸಕ್ಷನ್ ನಳಿಕೆ ಹಿಡಿದು ಕುರ್ಚಿಯ ಪಕ್ಕ ನಿಲ್ಲುವ ನಮಗೆ ಅಲ್ಲಿ ಬೇರೆ ವಿವರಣೆಯೇ ಇಲ್ಲ. ಹಳೆ ಕಾಯ್ದೆಯ ಜಾಗಕ್ಕೆಂದು ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗ ಕಾಯ್ದೆ ಮಾಡಿದೆ. ಆದರೂ ಈ ಮೂರರ ವ್ಯತ್ಯಾಸ ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. ಸ್ಕೇಲಿಂಗ್, ಅಂದರೆ ಕಿಟ್ಟ ತೆಗೆಯುವುದು, ಹೈಜೀನಿಸ್ಟ್ ಕೆಲಸ, ಹಾಗಾಗಿ ಅಜ್ಜನಿಗೆ ನನ್ನ ಉತ್ತರ: ಇಲ್ಲ.

ಅಮೆರಿಕದ ದಾರಿ ಬೇರೆ. ಕನೆಕ್ಟಿಕಟ್‌ನ ದಂತವೈದ್ಯ ಆಲ್‌ಫ್ರೆಡ್ ಫೋನ್ಸ್ 1906ರಲ್ಲಿ ತಮ್ಮ ಸಹಾಯಕಿ ಐರೀನ್ ನ್ಯೂಮನ್‌ಗೆ ಹಲ್ಲು ಶುಚಿ ಮಾಡುವುದನ್ನು ಕಲಿಸಿದರು. ಹೈಜೀನಿಸ್ಟ್ ಎಂಬ ವೃತ್ತಿ ಹುಟ್ಟಿದ್ದೇ ಹೀಗೆ, ಒಬ್ಬ ಸಹಾಯಕಿಯಿಂದ! (ನನಗೆ ಈ ಕಥೆ ಬಹಳ ಇಷ್ಟ.) ಈಗ ಅಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಪೆನ್ಸಿಲ್ವೇನಿಯಾದಲ್ಲಿ ಹೆಚ್ಚುವರಿ ತರಬೇತಿ ಪಡೆದ ಸಹಾಯಕರು ಹಲ್ಲಿಗೆ ಫಿಲ್ಲಿಂಗ್ ತುಂಬಬಹುದು. ಕೊರೆಯುವುದು ಮಾತ್ರ ವೈದ್ಯರೇ.

ಯಾಕೆ ಹಾಗೆ? ನಮ್ಮ ತೋಟವನ್ನೇ ನೆನೆಸಿಕೊಳ್ಳಿ. ಅಡಿಕೆ ಸುಲಿಯಲು ಮನೆಮಂದಿಯೆಲ್ಲ ಕೂರುತ್ತಾರೆ, ಮರ ಹತ್ತುವುದು ಅಡಿಕೆ ಕೊನೆ (ಗೊನೆ) ಕೊಯ್ಯುವ ಕೊನೆಗೌಡ ಮಾತ್ರ. ಬಲಿಯದ ಕೊನೆ ಕೊಯ್ದರೆ ಮತ್ತೆ ಮರಕ್ಕೆ ಅಂಟಿಸಲಾಗುತ್ತದಾ? ತುಂಬಿದ್ದು ಸರಿಯಾಗದಿದ್ದರೆ ತೆಗೆದು ಮತ್ತೆ ತುಂಬಬಹುದು. ಕೊರೆದ ಹಲ್ಲು ಮತ್ತೆ ಬೆಳೆಯುವುದಿಲ್ಲ. ನಾನು ಮೊದಲ ಸಲ ಅಲ್ಜಿನೇಟಿನಲ್ಲಿ (ನೀರಿಗೆ ಕಲಸುವ ಅಚ್ಚಿನ ಪುಡಿ) ಹಲ್ಲಿನ ಅಚ್ಚು ತೆಗೆದಾಗ ಹಿಂದಿನ ದವಡೆಹಲ್ಲು ಮೂಡಿರಲೇ ಇಲ್ಲ. ಡಾಕ್ಟರು ನಕ್ಕು ಇನ್ನೊಂದು ಅಚ್ಚು ತೆಗೆದರು. ಹೋದದ್ದು ಸ್ವಲ್ಪ ಪುಡಿ, ಐದು ನಿಮಿಷ, ನನ್ನ ಮರ್ಯಾದೆ. ಸರಿಪಡಿಸಲಾಗುವ ಕೆಲಸ ಎಂದರೆ ಇದು. ರೋಗ ಗುರುತಿಸುವುದು, ಯಾವ ಚಿಕಿತ್ಸೆ ಎಂದು ತೀರ್ಮಾನಿಸುವುದು, ಔಷಧಿ ಬರೆಯುವುದು, ಹಲ್ಲು ಅಥವಾ ವಸಡು ಕತ್ತರಿಸುವುದು, ಇವನ್ನು ಸಹಾಯಕರಿಗೆ ಬಿಡುವುದಿಲ್ಲ.

ಪರೀಕ್ಷೆಯಲ್ಲಿ ನಾವು ಎಡವುವುದು ಮೇಲ್ವಿಚಾರಣೆಯ ಪ್ರಶ್ನೆಯಲ್ಲಿ. ನೇರ ಮೇಲ್ವಿಚಾರಣೆ ಎಂದರೆ ಕೆಲಸ ನಡೆಯುವಾಗ ವೈದ್ಯರು ಕ್ಲಿನಿಕ್ಕಿನಲ್ಲೇ ಇರಬೇಕು. ಸಾಮಾನ್ಯ ಮೇಲ್ವಿಚಾರಣೆಯಲ್ಲಿ ಅವರ ಆದೇಶ ಇದ್ದರೆ ಸಾಕು, ಅವರು ಇರಲೇಬೇಕೆಂದಿಲ್ಲ. ಎರಡರಲ್ಲೂ ವೈದ್ಯರ ಹೊಣೆ ಕಳೆಯುವುದಿಲ್ಲ. ಕೈ ನಮ್ಮದಾದರೂ ರೋಗಿಗೆ ಉತ್ತರ ಕೊಡಬೇಕಾದವರು ಅವರು. ಹಾಗಂತ ನಾವು ಪೂರ್ತಿ ಪಾರು ಎಂದೇನಲ್ಲ. ಕಲಿಯದ ಕೆಲಸ ಹೇಳಿದರೆ "ಬರುವುದಿಲ್ಲ" ಅನ್ನಬೇಕು. ಚಿಕ್ಕ ಊರಿನ ಕ್ಲಿನಿಕ್ಕಿನಲ್ಲಿ ಇದೇ ಕಷ್ಟ, ಅಲ್ವಾ? ಏಪ್ರನ್ ಹಾಕಿದವರೆಲ್ಲ ಡಾಕ್ಟರೇ ಎಂದು ಜನ ನಂಬುತ್ತಾರೆ. ಅದಕ್ಕೇ ನಾನು ಸಹಾಯಕಿ ಎಂದು ಮೊದಲೇ ಹೇಳಿಬಿಡುತ್ತೇನೆ.

ಅಭ್ಯಾಸಕ್ಕೆ ಒಂದು ಪ್ರಶ್ನೆ. ಡಾಕ್ಟರು ಯಲ್ಲಾಪುರದ ಕ್ಯಾಂಪಿಗೆ ಹೋಗಿದ್ದಾರೆ. ಹಲ್ಲುನೋವಿನವರು ಬಂದು ಕೂತಿದ್ದಾರೆ. "ಒಂದು ಎಕ್ಸ್‌ರೇ ತೆಗೆದು ಫೋನಿಗೆ ಕಳಿಸು" ಎಂದು ಡಾಕ್ಟರು ಹೇಳುತ್ತಾರೆ. ನಾವು ತೆಗೆಯಬಹುದಾ? ಇದರಲ್ಲಿ ಕೊರೆಯುವುದೇನೂ ಇಲ್ಲ ಎಂದು ಸುಮ್ನೆ "ಹೌದು" ಬರೆದುಬಿಡಬೇಡಿ. 1948ರ ಕಾಯ್ದೆ ಹಲ್ಲು, ದವಡೆಯ ಎಕ್ಸ್‌ರೇ ಕೆಲಸವನ್ನೂ ದಂತವೈದ್ಯಕೀಯದ ಒಳಗೇ ಸೇರಿಸಿದೆ.