ಹಳಿ ಖಾಲಿ ಇದ್ದಾಗಲೂ ಮಿಂಚಿದ ಬೆಳಕು

ನಮ್ಮ ಮನೆ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ರೈಲು ಹಳಿಯ ಪಕ್ಕದಲ್ಲೇ. ಮಳೆಗಾಲದ ರಾತ್ರಿ ಲೋಕಲ್ ಹೋಗುವಾಗ ಮೇಲಿನ ತಂತಿಯಲ್ಲಿ ಚಟ್ಟನೆ ನೀಲಿ ಕಿಡಿ ಹಾರುತ್ತದೆ. ಮಲಗುವ ಕೋಣೆಯ ಗೋಡೆ ಒಂದು ಕ್ಷಣ ಬೆಳಗಿ ಆರುತ್ತದೆ. ಮೂವತ್ತು ವರ್ಷದಿಂದ ನೋಡಿದ ಬೆಳಕು ಅದು. ಹಾಗಾಗಿ ಆ ಜುಲೈ ತಿಂಗಳಲ್ಲಿ ಬಲಗಣ್ಣಿನ ಅಂಚಿನಲ್ಲಿ ಏನೋ ಮಿಂಚತೊಡಗಿದಾಗ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ರೈಲಿನ ಕಿಡಿ ಅಂದುಕೊಂಡೆ.

ಮೂರನೇ ರಾತ್ರಿ ನೀರು ಕುಡಿಯಲು ಎದ್ದೆ. ಕಿಟಕಿಯಾಚೆ ಹಳಿ ಖಾಲಿ. ಮಳೆಯೂ ನಿಂತಿತ್ತು. ತಲೆ ತಿರುಗಿಸಿದೆ. ಕಿವಿಯ ಕಡೆಯ ಅಂಚಿನಲ್ಲಿ ಬಿಲ್ಲಿನಂಥ ಬಿಳಿ ಗೆರೆಯೊಂದು ಮಿಂಚಿ ಹೋಯಿತು. ಇನ್ನೊಮ್ಮೆ ತಿರುಗಿಸಿದೆ, ಮತ್ತೆ ಮಿಂಚಿತು. ಕಣ್ಣು ಮುಚ್ಚಿಕೊಂಡರೂ ಬಿಡಲಿಲ್ಲ. ‘ಎಂತ ಮಾರಾಯ್ತಿ, ನಿದ್ದೆ ಬರ್ಲಿಲ್ವಾ?’ ಎಂದು ಯಜಮಾನರು ಕೇಳಿದರು. ಏನು ಹೇಳಲಿ? ಬೆಳಕು ಬರುತ್ತಿದ್ದದ್ದು ಕಣ್ಣಿನ ಒಳಗಿಂದ.

ಬೆಳಗ್ಗೆ ಅಡುಗೆಮನೆಯ ಬಿಳಿ ಟೈಲ್ಸ್ ಮೇಲೆ ನೊಣ ಕಂಡಿತು. ಕೈ ಬೀಸಿದೆ. ಹೋಗಲಿಲ್ಲ. ನಾನು ಎಡಕ್ಕೆ ನೋಡಿದರೆ ಅದೂ ಎಡಕ್ಕೆ ಬಂತು, ಒಂದು ಗಳಿಗೆ ತಡವಾಗಿ, ತೇಲಿಕೊಂಡು. ನಾನು ನಿಂತರೆ ಅದು ಇನ್ನೂ ಸ್ವಲ್ಪ ಓಲಾಡಿ ನಿಂತಿತು. ಆಗ ನನಗೆ 59 ವರ್ಷ. ಅಕ್ಕನ ಗಂಡ, ನಮ್ಮ ಭಾವ, ಎರಡು ವರ್ಷದ ಹಿಂದೆ ಇದೇ ನೊಣದ ಮಾತು ಹೇಳಿದ್ದರು. ಅದು ನೆನಪಾಗಿ ಹೊಟ್ಟೆಯಲ್ಲಿ ತಣ್ಣಗಾಯಿತು. ಅವರ ಕಥೆ ಆಮೇಲೆ ಹೇಳುತ್ತೇನೆ. ಮೊದಲು ಆ ನೊಣ ಏನು ಅಂತ ನೋಡೋಣ.

ಕಣ್ಣಿನ ಗುಡ್ಡೆಯೊಳಗೆ ಮುಂದಿನ ಮಸೂರದಿಂದ ಹಿಂದಿನ ರೆಟಿನಾವರೆಗೆ, ಅಂದರೆ ಬೆಳಕು ಹಿಡಿಯುವ ತೆಳು ಪದರದವರೆಗೆ, ತುಂಬಿಕೊಂಡಿರುವುದು ತಿಳಿಯಾದ ಒಂದು ಲೋಳೆ. ಡಾಕ್ಟರುಗಳು ಇದನ್ನು ವಿಟ್ರಿಯಸ್ ಅನ್ನುತ್ತಾರೆ. ಗಾಜಿನಂಥದ್ದು ಎಂದು ಅದರ ಅರ್ಥ. ಕಣ್ಣಿನ ಐದು ಪಾಲಿನಲ್ಲಿ ನಾಲ್ಕು ಪಾಲು ಇದೇ. ಆದರೂ ಅಳೆದರೆ ಸುಮಾರು 4 ಮಿಲಿಲೀಟರ್, ಒಂದು ಟೀ ಚಮಚ ತುಂಬುವುದಿಲ್ಲ. ಬೇಸಿಗೆಯಲ್ಲಿ ದಾದರ್ ಸ್ಟೇಷನ್ನಿನ ಹೊರಗೆ ತಾಡ್‌ಗೋಳಾ ಮಾರುತ್ತಾರಲ್ಲ, ನಮ್ಮ ತಾಟಿನಿಂಗು, ಸಿಪ್ಪೆ ಸುಲಿದ ಅದರ ತಿರುಳನ್ನು ನೆನಪಿಸಿಕೊಳ್ಳಿ. ಅದಕ್ಕಿಂತ ಎಷ್ಟೋ ತಿಳಿ, ಎಷ್ಟೋ ಮೆತ್ತಗೆ.

ಈ ಲೋಳೆಯಲ್ಲಿ ನೂರಕ್ಕೆ 98 ಪಾಲಿಗೂ ಜಾಸ್ತಿ ನೀರು. ಆ ನೀರನ್ನು ಲೋಳೆಯಾಗಿ ಹಿಡಿದಿಡುವುದು ಎರಡೇ ಪದಾರ್ಥ. ಒಂದು, ಕೊಲಾಜೆನ್ ಎಂಬ ಅತಿ ಸಣ್ಣ ಎಳೆಗಳು. ಮೊಣಕಾಲಿನ ಮೃದು ಎಲುಬಿನಲ್ಲಿರುವ ಜಾತಿಯದೇ ಕೊಲಾಜೆನ್ ಇದು. ಇನ್ನೊಂದು, ಹೈಲ್ಯುರಾನಿಕ್ ಆಮ್ಲ. ಇದು ಎಳೆಗಳ ನಡುವೆ ನೀರು ಹೀರಿಕೊಂಡು ಕೂತು, ಒಂದಕ್ಕೊಂದು ಅಂಟದ ಹಾಗೆ ದೂರ ಇಡುತ್ತದೆ. ಈಗ ಮುಖದ ಕ್ರೀಮುಗಳ ಜಾಹೀರಾತಿನಲ್ಲೆಲ್ಲ ಈ ಆಮ್ಲದ ಹೆಸರು ಕೇಳುತ್ತೀರಿ, ಅಲ್ವಾ? ಅದು ಮೊದಲು ಸಿಕ್ಕಿದ್ದು ದನದ ಕಣ್ಣಿನ ಲೋಳೆಯಲ್ಲಿ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಅದನ್ನು ಬೇರ್ಪಡಿಸಿದರು. ಅದರ ಹೆಸರಿನಲ್ಲೂ ಗಾಜು ಎಂಬ ಗ್ರೀಕ್ ಪದವೇ ಇದೆ.

ವಯಸ್ಸಾದ ಹಾಗೆ ಈ ಏರ್ಪಾಡು ಸಡಿಲವಾಗುತ್ತದೆ. ಗಟ್ಟಿ ಮೊಸರಿನ ಪಾತ್ರೆಯಿಂದ ಒಂದು ಸೌಟು ತೆಗೆದು ಹಾಗೇ ಇಟ್ಟುಬಿಡಿ. ಮರುದಿನ ಆ ಗುಂಡಿಯಲ್ಲಿ ತಿಳಿನೀರು ನಿಂತಿರುತ್ತದೆ. ಮೊಸರು ಕುಗ್ಗಿ ನೀರು ಬಿಟ್ಟಿದೆ. ಆಹಾರ ವಿಜ್ಞಾನದಲ್ಲಿ ಇದಕ್ಕೆ ಸಿನೆರಿಸಿಸ್ ಎಂದು ಹೆಸರು. ಕಣ್ಣಿನ ಡಾಕ್ಟರುಗಳು ಬಳಸುವುದೂ ಇದೇ ಪದ. ಲೋಳೆಯಲ್ಲಿ ಅಲ್ಲಲ್ಲಿ ನೀರಿನ ಗುಳ್ಳೆಗಳಾಗುತ್ತವೆ. ದೂರ ದೂರ ಇದ್ದ ಎಳೆಗಳು ಒಂದಕ್ಕೊಂದು ಅಂಟಿ ಸಿಕ್ಕಾಗುತ್ತವೆ. ಆ ಸಿಕ್ಕುಗಳ ನೆರಳು ರೆಟಿನಾದ ಮೇಲೆ ಬೀಳುತ್ತದೆ. ನಾವು ನೊಣ, ಕೂದಲು, ಜೇಡರ ಬಲೆ ಅಂತ ನೋಡುವುದು ಆ ನೆರಳನ್ನೇ. ಡಾಕ್ಟರ ಭಾಷೆಯಲ್ಲಿ ಇವು ಫ್ಲೋಟರ್ಸ್. ಮುಂಬೈಯ ಮಳೆಗಾಲದ ಬೂದು ಆಕಾಶ, ಬಿಳಿ ಗೋಡೆ, ಕಂಪ್ಯೂಟರ್ ಪರದೆ ಇವುಗಳ ಎದುರು ಜಾಸ್ತಿ ಕಾಣುತ್ತವೆ. ಹಿಂದೆ ಒಂದೇ ಬಣ್ಣದ ಬೆಳಕಿದ್ದರೆ ನೆರಳು ಎದ್ದು ಕಾಣದೆ ಇರುತ್ತದಾ?

ಲೋಳೆ ಇನ್ನೂ ಕುಗ್ಗಿದರೆ ಒಂದು ದಿನ ಅದರ ಹಿಂಬದಿ ರೆಟಿನಾದಿಂದ ಕಳಚಿಕೊಳ್ಳುತ್ತದೆ. ಇದು ಕಾಯಿಲೆ ಅಲ್ಲ, ಕೂದಲು ಬೆಳ್ಳಗಾದ ಹಾಗೆ. 80 ದಾಟಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಇದು ಆಗಿಯೇ ಇರುತ್ತದೆ. ಮೈನಸ್ ನಂಬರಿನ ಕನ್ನಡಕ ಇದ್ದವರಿಗೆ, ಪೊರೆಯ ಆಪರೇಷನ್ ಆದವರಿಗೆ, ಕಣ್ಣಿಗೆ ಪೆಟ್ಟು ಬಿದ್ದವರಿಗೆ ಬೇಗ ಆಗುತ್ತದೆ. ಕಣ್ಣಿನ ನರ ಹೊರಡುವ ಜಾಗದಲ್ಲಿ ಲೋಳೆ ಉಂಗುರದ ಹಾಗೆ ಗಟ್ಟಿಯಾಗಿ ಅಂಟಿರುತ್ತದೆ. ಕಳಚುವಾಗ ಆ ಉಂಗುರ ಹಾಗೇ ಕಿತ್ತು ಬರುತ್ತದೆ. ನನ್ನ ನೊಣವನ್ನು ಸರಿಯಾಗಿ ನೋಡಿದಾಗ ಅದು ಒಂದು ಕಡೆ ಮುರಿದ ಬಳೆಯ ಹಾಗಿತ್ತು.

ಮಿಂಚಿನ ವಿಷಯ ಬೇರೆ. ಲೋಳೆ ಕಳಚುವಾಗ ಇನ್ನೂ ಅಂಟಿರುವ ಕಡೆ ರೆಟಿನಾವನ್ನು ಎಳೆಯುತ್ತದೆ. ರೆಟಿನಾಕ್ಕೆ ನೋವು ಗೊತ್ತಿಲ್ಲ, ಗೊತ್ತಿರುವುದು ಬೆಳಕು ಮಾತ್ರ. ಎಳೆದರೂ, ತಟ್ಟಿದರೂ ಅದು ಮೆದುಳಿಗೆ ಹೇಳುವುದು ‘ಬೆಳಕು’ ಎಂದೇ. ಸಣ್ಣವರಿದ್ದಾಗ ಕಣ್ಣುಜ್ಜಿಕೊಂಡರೆ ಬಣ್ಣ ಬಣ್ಣದ ಬೆಳಕು ಕಾಣುತ್ತಿತ್ತಲ್ಲ, ಅದೂ ಹೀಗೇ. 1935ರಲ್ಲಿ ಲಂಡನ್ನಿನ ಫಾಸ್ಟರ್ ಮೂರ್ ಎಂಬ ಕಣ್ಣಿನ ಡಾಕ್ಟರು ಇದನ್ನು ಮಿಂಚಿನ ಗೆರೆಗಳು ಎಂದು ವಿವರಿಸಿದರು. ಕತ್ತಲಲ್ಲಿ, ಕಣ್ಣು ಹೊರಳಿಸಿದಾಗ, ಹೊರ ಅಂಚಿನಲ್ಲಿ, ಕ್ಷಣ ಮಾತ್ರ. ನನಗೆ ಕಂಡದ್ದು ಅಕ್ಷರಶಃ ಅದೇ. ಮೈಗ್ರೇನಿನ ಬೆಳಕು ಇದಲ್ಲ. ಅದು ಅಂಕುಡೊಂಕಾಗಿ ಎರಡೂ ಕಣ್ಣಿಗೆ ಕಾಣುತ್ತದೆ, ನಿಧಾನವಾಗಿ ಹರಡುತ್ತದೆ, ಇಪ್ಪತ್ತು ಮೂವತ್ತು ನಿಮಿಷ ಇದ್ದು ಹೋಗುತ್ತದೆ.

ಇಲ್ಲಿಯವರೆಗೆ ಹೆದರುವಂಥದ್ದು ಏನೂ ಇಲ್ಲ. ಈಗ ಭಾವನ ಕಥೆ.

ಅವರದು ಮುಂಬೈಯ ಫೋರ್ಟ್ ಬಡಾವಣೆಯಲ್ಲಿ ಕ್ಯಾಂಟೀನು. ಚಿಕ್ಕಂದಿನಿಂದ ದಪ್ಪ ಮೈನಸ್ ಕನ್ನಡಕ. 55ರಲ್ಲಿ ಕಣ್ಣೆದುರು ನೊಣ ಶುರುವಾಯಿತು. ಅಡುಗೆಯ ಹೊಗೆಯಿಂದ ಅಂದುಕೊಂಡರು. ಆಮೇಲೆ ಮಸಿ ಉದುರಿದ ಹಾಗೆ ನೂರಾರು ಕಪ್ಪು ಚುಕ್ಕೆ. ಹತ್ತಿರದ ಕನ್ನಡಕದ ಅಂಗಡಿಗೆ ಹೋದರು. ನಂಬರ್ ಬದಲಾಗಿದೆ ಎಂದು ಹೊಸ ಕನ್ನಡಕ ಮಾಡಿಕೊಟ್ಟರು. ಮೂರು ವಾರ ಕಳೆಯಿತು. ಒಂದು ಬೆಳಗ್ಗೆ ಗಲ್ಲಾದಲ್ಲಿ ಕೂತಿದ್ದಾಗ ಕೆಳಗಿನಿಂದ ಕಪ್ಪು ಪರದೆ ಏಳುತ್ತಿರುವ ಹಾಗೆ ಕಂಡಿತು. ಎದುರಿಗಿದ್ದವರ ಮುಖ ಕಾಣುತ್ತಿತ್ತು, ಕೈಯಲ್ಲಿದ್ದ ನೋಟು ಕಾಣುತ್ತಿರಲಿಲ್ಲ.

ಲೋಳೆ ಕೆಲವೊಮ್ಮೆ ಸುಲಭಕ್ಕೆ ಬಿಡುವುದಿಲ್ಲ. ಅಂಟಿದ ಕಡೆ ರೆಟಿನಾವನ್ನೇ ಹರಿದುಬಿಡುತ್ತದೆ. ಕಾಲು ಮಿಲಿಮೀಟರ್ ದಪ್ಪದ ಪದರ ಅದು. ಹರಿಯುವಾಗ ರಕ್ತನಾಳ ತುಂಡಾದರೆ ರಕ್ತ ಸೋರುತ್ತದೆ. ಮಸಿಯ ಹಾಗೆ ಕಂಡದ್ದು ಆ ರಕ್ತದ ಕಣಗಳು. ಆಮೇಲೆ ಲೋಳೆಯ ನೀರು ಆ ತೂತಿನಿಂದ ಹಿಂದಕ್ಕೆ ನುಗ್ಗುತ್ತದೆ. ಮುಂಬೈಯಲ್ಲಿ ಇರುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಗೋಡೆಗೆ ನೀರಿಳಿದರೆ ಬಣ್ಣ ಉಬ್ಬಿ, ಹಾಳೆಯ ಹಾಗೆ ಏಳುತ್ತದಲ್ಲ, ರೆಟಿನಾವೂ ಹಾಗೇ ಎದ್ದುಬಿಡುತ್ತದೆ. ಎದ್ದ ಭಾಗ ನೋಡುವುದಿಲ್ಲ. ಕಣ್ಣೊಳಗೆ ಚಿತ್ರ ತಲೆಕೆಳಗಾಗಿ ಬೀಳುವುದರಿಂದ, ಮೇಲಿನ ರೆಟಿನಾ ಎದ್ದರೆ ಕತ್ತಲು ಕಾಣುವುದು ಕೆಳಗಡೆ. ಇಷ್ಟೆಲ್ಲ ಆದರೂ ಭಾವನಿಗೆ ಒಂಚೂರೂ ನೋವಾಗಲಿಲ್ಲ. ನೋವಿದ್ದಿದ್ದರೆ ಅವರು ಮೊದಲ ದಿನವೇ ಡಾಕ್ಟರ ಹತ್ತಿರ ಹೋಗುತ್ತಿದ್ದರು. ಈ ಮಾತು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆಪರೇಷನ್ ಆಯಿತು. ಲೋಳೆ ತೆಗೆದು, ಕಣ್ಣಿನೊಳಗೆ ಗ್ಯಾಸ್ ತುಂಬಿ ರೆಟಿನಾವನ್ನು ಮತ್ತೆ ಒತ್ತಿ ಕೂರಿಸಿದರು. ಗ್ಯಾಸಿನ ಗುಳ್ಳೆ ಮೇಲಕ್ಕೇ ತೇಲುವುದರಿಂದ ಅದು ಸರಿಯಾದ ಕಡೆ ಒತ್ತಲಿ ಎಂದು ಎಷ್ಟೋ ದಿನ ಮುಖ ಕೆಳಗೆ ಮಾಡಿ ಮಲಗಬೇಕಾಯಿತು. ಆ ತಿಂಗಳು ಊರಲ್ಲಿ ಮದುವೆ. ಮಂಗಳೂರಿಗೆ ವಿಮಾನದ ಟಿಕೆಟ್ ಆಗಿತ್ತು. ಡಾಕ್ಟರು ಖಡಾಖಂಡಿತವಾಗಿ ಬೇಡ ಅಂದರು. ಮೇಲೆ ಗಾಳಿಯ ಒತ್ತಡ ಕಡಿಮೆ. ಅಲ್ಲಿ ಗ್ಯಾಸ್ ಹಿಗ್ಗಿ ಕಣ್ಣಿನ ಒತ್ತಡ ವಿಪರೀತ ಏರುತ್ತದೆ, ಇರುವ ದೃಷ್ಟಿಯೂ ಹೋಗಬಹುದು. ರೆಟಿನಾ ಕೂತಿತು. ಆದರೆ ಅಷ್ಟರಲ್ಲಿ ಅದರ ನಟ್ಟನಡುವಿನ ಭಾಗವೂ ಎದ್ದಿತ್ತು. ಓದು, ಮುಖದ ಗುರುತು ಎಲ್ಲ ಆ ನಡುಭಾಗದ ಕೆಲಸ. ಈಗಲೂ ಆ ಕಣ್ಣಿಗೆ ಬಾಗಿಲ ಚೌಕಟ್ಟು ಬಾಗಿದ ಹಾಗೆ ಕಾಣುತ್ತದೆ.

ಹರಿದ ಜಾಗ ಏಳುವ ಮೊದಲೇ ಸಿಕ್ಕಿದ್ದರೆ? ಸುತ್ತ ಲೇಸರ್ ಹಾಕಿ ಮನೆಗೆ ಕಳಿಸುತ್ತಿದ್ದರು. ಸುಟ್ಟ ಚುಕ್ಕೆಗಳು ಎರಡು ವಾರದೊಳಗೆ ಗಾಯ ಕೂಡಿದ ಹಾಗೆ ಗಟ್ಟಿಯಾಗಿ ತೂತಿನ ಸುತ್ತ ಬೇಲಿಯಾಗುತ್ತವೆ. ಈ ತಿಳಿವಳಿಕೆ ಬಹಳ ಹಳೆಯದಲ್ಲ. ನೂರು ವರ್ಷದ ಹಿಂದೆ ರೆಟಿನಾ ಎದ್ದರೆ ಆ ಕಣ್ಣು ಹೋದ ಹಾಗೇ. ಸ್ವಿಟ್ಜರ್ಲೆಂಡಿನ ಲೋಸಾನ್ ಊರಿನ ಜೂಲ್ ಗೊನಾಂ, ಎಲ್ಲಕ್ಕೂ ಮೂಲ ಆ ತೂತು, ಅದನ್ನು ಮುಚ್ಚಿದರೆ ರೆಟಿನಾ ಕೂರುತ್ತದೆ ಎಂದು ಹಟ ಹಿಡಿದು ತೋರಿಸಿದರು. ಅವರು ಕಾದ ಮೊನೆಯಿಂದ ಹೊರಗಿನಿಂದಲೇ ಆ ಜಾಗವನ್ನು ಸುಡುತ್ತಿದ್ದರು. 1929ರ ಆಮ್‌ಸ್ಟರ್‌ಡ್ಯಾಮ್ ಸಮ್ಮೇಳನದ ಹೊತ್ತಿಗೆ ಜಗತ್ತು ಒಪ್ಪಿತು. ಮುಂದೆ ಜರ್ಮನಿಯ ಮೇಯರ್ ಶ್ವಿಕರಾತ್ 1945ರ ಸೂರ್ಯಗ್ರಹಣವನ್ನು ಬರಿಗಣ್ಣಲ್ಲಿ ನೋಡಿ ರೆಟಿನಾ ಸುಟ್ಟುಕೊಂಡವರನ್ನು ಪರೀಕ್ಷಿಸಿದರು. ಕೆಡಿಸುವ ಬೆಳಕಿನಿಂದ ತೂತು ಮುಚ್ಚಬಹುದಲ್ಲ ಎಂದು ಅವರಿಗೆ ಹೊಳೆಯಿತು. ಕನ್ನಡಿ ಹಿಡಿದು ಬಿಸಿಲನ್ನೇ ರೋಗಿಯ ಕಣ್ಣಿಗೆ ಹಾಯಿಸಿ ಚಿಕಿತ್ಸೆ ಮಾಡಿದರು. ಮೋಡ ಬಂದರೆ ಕಾಯಬೇಕು! ಆಮೇಲೆ ದೀಪ ಬಂತು, ಲೇಸರ್ ಬಂತು. 1970ರಲ್ಲಿ ಮಯಾಮಿಯ ರಾಬರ್ಟ್ ಮ್ಯಾಕೆಮರ್ ಸಣ್ಣ ಉಪಕರಣ ತೂರಿಸಿ ಲೋಳೆಯನ್ನೇ ತೆಗೆಯುವ ದಾರಿ ಮಾಡಿದರು. ಭಾವನ ಕಣ್ಣು ಅಷ್ಟಾದರೂ ಉಳಿದದ್ದು ಇವರೆಲ್ಲರಿಂದ.

ಹಾಗಾಗಿ ನಾನು ನೊಣ ಕಂಡ ದಿನವೇ ರೆಟಿನಾ ನೋಡುವ ಡಾಕ್ಟರ ಹತ್ತಿರ ಹೋದೆ. ಹನಿ ಹಾಕಿ ಅರ್ಧ ಗಂಟೆ ಕೂರಿಸಿದರು. ಕಣ್ಣಿನ ಪಾಪೆ ಅಗಲವಾಗಬೇಕು. ಅಗಲವಾಗದಿದ್ದರೆ ಅಂಚಿನ ಹರಕು ಕಾಣುವುದಿಲ್ಲ. ಕನ್ನಡಕದ ನಂಬರ್ ನೋಡುವ ಯಂತ್ರಕ್ಕೆ ಇದು ಸಾಧ್ಯವೇ ಇಲ್ಲ. ಆಮೇಲೆ ಕತ್ತಲ ಕೋಣೆ, ಡಾಕ್ಟರ ಹಣೆಯ ಮೇಲೆ ದೀಪ. ‘ವರ್ ಬಘಾ, ಖಾಲೀ ಬಘಾ’ ಎಂದು ಮೇಲೆ ಕೆಳಗೆ, ಅಕ್ಕಪಕ್ಕ ಎಲ್ಲ ಕಡೆ ನೋಡಿಸಿದರು. ಹರಿದಿರಲಿಲ್ಲ. ಹೀಗೆ ಇದ್ದಕ್ಕಿದ್ದಂತೆ ನೊಣ, ಮಿಂಚು ಕಂಡು ಲೋಳೆ ಕಳಚಿದವರಲ್ಲಿ 100ಕ್ಕೆ 10ರಿಂದ 15 ಮಂದಿಗೆ ಹರಕು ಇರುತ್ತದೆ. ಉಳಿದವರ ಗುಂಪಿನಲ್ಲಿ ನಾನಿದ್ದೆ. ಆದರೂ ಒಂದೂವರೆ ತಿಂಗಳು ಬಿಟ್ಟು ಮತ್ತೆ ಬನ್ನಿ ಅಂದರು, ಹರಕು ತಡವಾಗಿಯೂ ಆಗಬಹುದು. ಒಂದು ಮಾತು: ಹನಿ ಹಾಕಿಸಿಕೊಂಡ ಮೇಲೆ ನಾಲ್ಕೈದು ಗಂಟೆ ಎಲ್ಲ ಮಂಜು, ಬಿಸಿಲು ಚುಚ್ಚುತ್ತದೆ. ಆ ಕಣ್ಣಲ್ಲಿ ಒಬ್ಬರೇ ಲೋಕಲ್ ಹತ್ತಬೇಡಿ, ಸ್ಕೂಟರ್ ಓಡಿಸಲೇಬೇಡಿ. ನನ್ನ ಜತೆ ಮಗಳು ಬಂದಿದ್ದಳು.

ಈ ಪರೀಕ್ಷೆ ಆದ ಮೇಲೆಯೇ ನೊಣದ ಜತೆ ಬದುಕುವ ಮಾತು. ನಮ್ಮಲ್ಲಿ ಬಹಳ ಮಂದಿ ಇದನ್ನು ಉಲ್ಟಾ ಮಾಡುತ್ತಾರೆ. ಮೊದಲು ಹೊಂದಿಕೊಳ್ಳುತ್ತಾರೆ, ಆಮೇಲೆ ತೋರಿಸುತ್ತಾರೆ.

ಹೊಂದಿಕೊಳ್ಳುವುದಕ್ಕೆ ಮೆದುಳೇ ದೊಡ್ಡ ಸಹಾಯ. ರೆಟಿನಾದ ರಕ್ತನಾಳಗಳು ಬೆಳಕು ಹಿಡಿಯುವ ಕೋಶಗಳ ಮುಂದೆಯೇ ಹಬ್ಬಿಕೊಂಡಿವೆ. ಅವುಗಳ ನೆರಳು ಹುಟ್ಟಿದಾಗಿನಿಂದ ನಮ್ಮ ಕಣ್ಣಲ್ಲಿದೆ. ನಾವು ಅದನ್ನು ನೋಡುವುದೇ ಇಲ್ಲ, ಕದಲದ ನೆರಳನ್ನು ಅಳಿಸಿಬಿಡುವುದು ದೃಷ್ಟಿಯ ಸ್ವಭಾವ. ಫ್ಲೋಟರ್ ಕದಲುತ್ತದೆ, ಅದಕ್ಕೇ ಹೊತ್ತು ಹಿಡಿಯುತ್ತದೆ. ನನಗೆ ನಾಲ್ಕು ತಿಂಗಳು ಬೇಕಾಯಿತು. ಮೊದಲ ತಿಂಗಳು ಬೆಳಗ್ಗೆ ಎದ್ದ ತಕ್ಷಣ ಟೈಲ್ಸ್ ಎದುರು ನಿಂತು ಇದೆಯಾ ಅಂತ ಹುಡುಕುತ್ತಿದ್ದೆ. ಅದನ್ನು ಬಿಟ್ಟ ಮೇಲೆ ಹಗುರಾಯಿತು. ಫೋನಿನ ಬೆಳಕು ಕಡಿಮೆ ಮಾಡಿದೆ, ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಇಟ್ಟುಕೊಂಡೆ. ಬಿಸಿಲಿಗೆ ಕಪ್ಪು ಕನ್ನಡಕ ಹಾಕಿದೆ. ಓದುವಾಗ ಬಳೆ ಅಡ್ಡ ಬಂದರೆ ಕಣ್ಣನ್ನು ಒಮ್ಮೆ ಮೇಲೆ ಕೆಳಗೆ ಹೊರಳಿಸುತ್ತೇನೆ. ಒಳಗಿನ ನೀರು ಕಲಕಿ ಅದು ಪಕ್ಕಕ್ಕೆ ಸರಿಯುತ್ತದೆ. ಕರಗಿಸುತ್ತೇವೆ ಎಂದು ಹನಿ, ಮಾತ್ರೆ, ಎಣ್ಣೆ ಮಾರುವವರಿದ್ದಾರೆ. ಸುಮ್ನೆ ದುಡ್ಡು ಹಾಕಬೇಡಿ. ತೀರಾ ಕಾಟವಾದರೆ ಲೋಳೆ ತೆಗೆಯುವ ಆಪರೇಷನ್ ಇದೆ. ಆದರೆ ಅದರಿಂದ ಪೊರೆ ಬೇಗ ಬರುತ್ತದೆ, ರೆಟಿನಾ ಹರಿಯುವ ಅಪಾಯವೂ ಇದೆ. ನೊಣದ ನೆರಳಿಗಾಗಿ ನಾನಂತೂ ಅಲ್ಲಿಗೆ ಹೋಗಲಿಲ್ಲ.

ವಾರಕ್ಕೊಮ್ಮೆ ಗೋಡೆಯ ಕ್ಯಾಲೆಂಡರ್ ಎದುರು ಒಂದೊಂದೇ ಕಣ್ಣು ಮುಚ್ಚಿ ನೋಡುತ್ತೇನೆ. ಎರಡೂ ತೆರೆದಿದ್ದರೆ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಹಾಕುತ್ತದೆ. ಹೊಸ ಚುಕ್ಕೆಗಳು ಒಮ್ಮೆಗೇ ಉದುರಿದರೆ, ಮಿಂಚು ಜಾಸ್ತಿಯಾದರೆ, ಯಾವ ಮೂಲೆಯಿಂದಲಾದರೂ ಪರದೆ ಬಂದರೆ ಅದೇ ದಿನ ಡಾಕ್ಟರ ಹತ್ತಿರ. ಹಬ್ಬ ಇರಲಿ, ಮಳೆಗೆ ರೈಲು ನಿಂತಿರಲಿ.

ಒಂದು ಕಣ್ಣಿನಲ್ಲಿ ಆದದ್ದು ಎಷ್ಟೋ ಜನಕ್ಕೆ ಒಂದೆರಡು ವರ್ಷದಲ್ಲಿ ಇನ್ನೊಂದರಲ್ಲೂ ಆಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಕಳೆದ ವಾರ ಬೆಳಗಿನ ಜಾವ ಎಡಗಣ್ಣಿನ ಅಂಚಿನಲ್ಲಿ ಬಿಳಿ ಗೆರೆ ಮಿಂಚಿತು. ಎದ್ದು ಕಿಟಕಿಯಿಂದ ನೋಡಿದೆ. ಹಳಿಯ ಮೇಲೆ ಗಾಡಿ ಇರಲಿಲ್ಲ. ಅಕ್ಕನ ಮನೆಗೆ ಫೋನ್ ಮಾಡಿದೆ. ಎತ್ತಿದ್ದು ಭಾವ. ವಿಷಯ ಕೇಳಿ, ‘ಅಲ್ಲೇ ಇರು, ನಾನೇ ಬರ್ತೇನೆ’ ಅಂದರು. ಕ್ಯಾಂಟೀನು ಹುಡುಗರಿಗೆ ಒಪ್ಪಿಸಿ, ಕ್ಲಿನಿಕ್ ಬಾಗಿಲು ತೆಗೆಯುವ ಮೊದಲೇ ಅಲ್ಲಿ ನನ್ನ ಜತೆ ನಿಂತಿದ್ದರು.