ಎರಡನೇ ಮಂಡಿ ಆಪರೇಷನ್ನಿನಲ್ಲಿ ಮೂಳೆ ಯಾಕೆ ಮುರಿಯುತ್ತದೆ?

ಜಯನಗರದ ನಮ್ಮ ದೊಡ್ಡಮ್ಮನಿಗೆ ಮಂಡಿ ಬದಲಿಸಿ 16 ವರ್ಷವಾಗಿತ್ತು. ಹಾಕಿದ ಮಂಡಿ ಸಡಿಲವಾಗಿದೆಯೆಂದು ಮತ್ತೆ ಆಪರೇಷನ್ ಮಾಡಿದರು. ಆಗ ತೊಡೆಮೂಳೆಯ ಕೆಳತುದಿ ಬಿರುಕುಬಿಟ್ಟಿತು. "ಡಾಕ್ಟರೇ ಮುರಿದರಾ?" ಎಂದು ಮನೆಯವರೆಲ್ಲ ಕೇಳಿದೆವು. ಆದರೆ ಆ ಬಿರುಕು ಶುರುವಾದದ್ದು ಅವತ್ತಲ್ಲ.

ಮಂಡಿ ಬದಲಿಸುವ ಪ್ರಯತ್ನ ಹಳೆಯದು. 1890ರ ಸುಮಾರಿಗೆ ಬರ್ಲಿನ್ನಿನಲ್ಲಿ ಥೆಮಿಸ್ಟೊಕ್ಲಿಸ್ ಗ್ಲುಕ್ ಆನೆದಂತದ ಮಂಡಿ ಕೂರಿಸಿದರು. ಸೋಂಕು ಅದನ್ನು ಕೆಡಿಸಿತು. 1950ರ ದಶಕದಲ್ಲಿ ಬಾಗಿಲ ಕೀಲಿನಂಥ ಲೋಹದ ಮಂಡಿಗಳು ಬಂದವು. ನಮ್ಮ ಮಂಡಿ ಬಾಗುವಾಗ ಸ್ವಲ್ಪ ತಿರುಗುತ್ತದೆ ಕೂಡ, ಅಲ್ವಾ? ಆ ಕೀಲು ತಿರುಗುತ್ತಿರಲಿಲ್ಲ. ತಿರುಚುವ ಬಲವೆಲ್ಲ ಮೂಳೆಗೇ ಬೀಳುತ್ತಿತ್ತು. 1968ರಲ್ಲಿ ಇಂಗ್ಲೆಂಡಿನಲ್ಲಿದ್ದ ಕೆನಡಾದ ಡಾಕ್ಟರ್ ಫ್ರಾಂಕ್ ಗನ್‌ಸ್ಟನ್ ಲೋಹ, ಪ್ಲಾಸ್ಟಿಕ್ ತುಂಡುಗಳನ್ನು ಮೂಳೆಗೆ ಹಾಕುವ ಸಿಮೆಂಟಿನಿಂದ ಕೂರಿಸಿದರು. 1974ರಲ್ಲಿ ನ್ಯೂಯಾರ್ಕಿನ ಜಾನ್ ಇನ್ಸಾಲ್ ತಂಡದ ಮಂಡಿ ಬಂತು. ಇವತ್ತಿನ ಮಂಡಿಗಳಲ್ಲಿ ಬಹಳಷ್ಟು ಅದೇ ದಾರಿಯವು.

ಇವು ವರ್ಷಗಟ್ಟಲೆ ಬಾಳಿದವು. ಹೊಸ ತೊಂದರೆ ಬಂದದ್ದೂ ಅಲ್ಲಿಂದಲೇ. ಪ್ಲಾಸ್ಟಿಕ್ ಸವೆದು ಕಣ್ಣಿಗೆ ಕಾಣದ ಪುಡಿ ಉದುರುತ್ತದೆ. ಮೈ ಅದರ ಮೇಲೆ ತಿರುಗಿ ಬೀಳುತ್ತದೆ. ಆ ಜಗಳದಲ್ಲಿ ಸುತ್ತಲ ಮೂಳೆ ಕರಗುತ್ತದೆ, ಎಷ್ಟೋ ಸಲ ನೋವೇ ಇಲ್ಲದೆ. ಜೊತೆಗೆ ಲೋಹವೇ ಭಾರ ಹೊರುವ ಜಾಗದಲ್ಲಿ ಮೂಳೆಗೆ ಕೆಲಸವಿಲ್ಲದೆ ಅದು ತೆಳುವಾಗುತ್ತದೆ. ವಯಸ್ಸಾದ ಹೆಂಗಸರಿಗೆ ಮೂಳೆ ಸವೆತವೂ ಸೇರಿಕೊಳ್ಳುತ್ತದೆ.

ಎರಡನೇ ಸಲ ಡಾಕ್ಟರ ಕೈಗೆ ಸಿಗುವುದು ಇಂಥ ಮೂಳೆ. ಸಿಮೆಂಟಿಗೆ ಗಟ್ಟಿಯಾಗಿ ಅಂಟಿದ ಹಳೆಯ ತುಂಡನ್ನು ತೆಳು ಉಳಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸಬೇಕು. ಅವಸರಪಟ್ಟು ಎಳೆದರೆ ಮೂಳೆಯೂ ಕಿತ್ತು ಬರುತ್ತದೆ. ಬಿಗಿದ ಮಂಡಿಯನ್ನು ಬಗ್ಗಿಸುವಾಗ ಚಿಪ್ಪಿನ ಕೆಳಗಿನ ಸ್ನಾಯುಬಂಧ ಮೂಳೆಯ ಚೂರಿನ ಸಮೇತ ಹರಿಯಬಹುದು. ಆಮೇಲೆ ಹೊಸ ಮಂಡಿ ನಿಲ್ಲಲೆಂದು ಮೂಳೆಯ ಒಳಗೆ ಉದ್ದನೆಯ ಲೋಹದ ಕಡ್ಡಿ ಇಳಿಸುತ್ತಾರೆ. ಮಂಡಿಯ ಹತ್ತಿರ ಅದು ಆಸರೆ. ಆದರೆ ಕಡ್ಡಿ ಮುಗಿಯುವ ಜಾಗದಲ್ಲಿ ಒತ್ತಡ ಕೂಡಿಕೊಳ್ಳುತ್ತದೆ. ತಿಂಗಳುಗಳ ನಂತರ ಬಚ್ಚಲಲ್ಲಿ ಸುಮ್ನೆ ಜಾರಿದರೂ ಮುರಿತ ಅಲ್ಲೇ ಆಗಬಹುದು. ಒಂದು ಕಡೆ ಗಟ್ಟಿಮಾಡಿದರೆ ಭಾರ ಇನ್ನೊಂದು ಕಡೆಗೆ ಸರಿಯುತ್ತದೆ. ಈ ಆಪರೇಷನ್ನಿನ ಇತಿಹಾಸವೇ ಹಾಗೆ.

ಆಪರೇಷನ್ ಹೊತ್ತಿನಲ್ಲೇ ಕಂಡ ಬಿರುಕಿಗೆ ತಂತಿ, ಪ್ಲೇಟು, ಸ್ಕ್ರೂ ಅಥವಾ ಇನ್ನೂ ಉದ್ದದ ಕಡ್ಡಿ ಹಾಕುತ್ತಾರೆ. ದೊಡ್ಡಮ್ಮನಿಗೆ ಪ್ಲೇಟು ಹಾಕಿದರು. ಮೂರು ತಿಂಗಳು ವಾಕರ್ ಹಿಡಿದರು.

ಆಮೇಲೆ ಅವರ ಹಳೆಯ ಫೈಲು ಬಿಚ್ಚಿ ನೋಡಿದೆ. ಮೊದಲ ಆಪರೇಷನ್ ಆದ ವಾರದ ಎಕ್ಸ್‌ರೇ ಇತ್ತು. ಎರಡನೆಯದಕ್ಕೆ ಮುಂಚಿನದೂ ಇತ್ತು. ನಡುವಿನ 16 ವರ್ಷದಲ್ಲಿ ಒಂದೂ ಇರಲಿಲ್ಲ. ನೋವಿರಲಿಲ್ಲವಲ್ಲ, ಯಾರೂ ತೆಗೆಸಿರಲಿಲ್ಲ.