ಲಿಂಫೋಮಾ: ರಕ್ತಕಣ ದಾರಿ ತಪ್ಪಿದ್ದು ಎಲ್ಲಿ?

ಕುತ್ತಿಗೆಯ ಪಕ್ಕದಲ್ಲಿ ನೋವಿಲ್ಲದ ಗಂಟೊಂದು ಎದ್ದು ವಾರಗಳು ಕಳೆದರೂ ಕರಗದಿದ್ದಾಗ ನಮ್ಮಲ್ಲಿ ಮೊದಲು ಅನುಮಾನ ಹೋಗುವುದು ಕ್ಷಯದ ಕಡೆಗೆ. ಅದರಲ್ಲಿ ತಪ್ಪೇನೂ ಇಲ್ಲ. ದುಗ್ಧಗ್ರಂಥಿಗಳ ಕ್ಷಯ ನಮಗೆ ಎಷ್ಟು ಪರಿಚಿತವೆಂದರೆ ಗಂಡಮಾಲೆ ಎಂಬ ಹೆಸರೇ ಅದಕ್ಕಿದೆ. ಆದರೆ ಅದೇ ಜಾಗದಲ್ಲಿ, ಅದೇ ಬಗೆಯ ಜ್ವರ, ರಾತ್ರಿಯ ಬೆವರು ಮತ್ತು ತೂಕದ ಇಳಿಕೆಯೊಂದಿಗೆ ಲಿಂಫೋಮಾ ಎಂಬ ಕ್ಯಾನ್ಸರ್ ಕೂಡ ಬರಬಹುದು. ಈ ಗೊಂದಲ ಹೊಸದಲ್ಲ. ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಹಾಡ್ಕಿನ್ ದುಗ್ಧಗ್ರಂಥಿ ಮತ್ತು ಗುಲ್ಮಗಳು (ಸ್ಪ್ಲೀನ್) ಊದಿಕೊಂಡಿದ್ದ 7 ಪ್ರಕರಣಗಳನ್ನು 1832ರಲ್ಲಿ ವಿವರಿಸಿದರು. ಆ ಏಳರಲ್ಲಿಯೂ ಕೆಲವು ಕ್ಷಯವೇ ಇದ್ದಿರಬೇಕೆಂದು ನಂತರದ ತಜ್ಞರು ಅಭಿಪ್ರಾಯಪಟ್ಟರು.

ಹಾಡ್ಕಿನ್ ಹೆಸರು ಮಾತ್ರ ಉಳಿಯಿತು. ಇಂದಿಗೂ ಲಿಂಫೋಮಾಗಳನ್ನು 'ಹಾಡ್ಕಿನ್' ಮತ್ತು 'ಹಾಡ್ಕಿನ್ ಅಲ್ಲದ' ಎಂದು ಎರಡಾಗಿ ಹೇಳುವ ರೂಢಿಯಿದೆ. ಹಣ್ಣುಗಳನ್ನೆಲ್ಲ ಮಾವು ಮತ್ತು ಮಾವಲ್ಲದ್ದು ಎಂದು ವಿಂಗಡಿಸಿದಂತಹ ಏರ್ಪಾಡು ಇದು. ಎರಡನೆಯ ಬುಟ್ಟಿಯಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ವರ್ತಿಸುವ ಹತ್ತಾರು ಕಾಯಿಲೆಗಳಿವೆ. ಅವುಗಳನ್ನು ಅರ್ಥಮಾಡಿಕೊಳ್ಳಲು ಹೆಸರಿನ ಪಟ್ಟಿಗಿಂತ ಈ ಕ್ಯಾನ್ಸರ್ ಹುಟ್ಟುವ ಲಿಂಫೋಸೈಟ್ ಎಂಬ ಬಿಳಿ ರಕ್ತಕಣದ ಜೀವನವನ್ನು ನೋಡುವುದು ಹೆಚ್ಚು ಉಪಯುಕ್ತ.

ಬಿ ಲಿಂಫೋಸೈಟ್ ಅಸ್ಥಿಮಜ್ಜೆಯಲ್ಲಿ ಹುಟ್ಟುತ್ತದೆ. ತನ್ನದೇ ಆದ ಪ್ರತಿಕಾಯವನ್ನು ತಯಾರಿಸಲು ಅದು ತನ್ನ ವಂಶವಾಹಿಯನ್ನು ತಾನೇ ಕತ್ತರಿಸಿ ಬೇರೆ ರೀತಿಯಲ್ಲಿ ಜೋಡಿಸಿಕೊಳ್ಳುತ್ತದೆ. ದುಗ್ಧಗ್ರಂಥಿಗೆ ಬಂದು ರೋಗಾಣುವನ್ನು ಎದುರಿಸಿದ ಮೇಲೆ, ಪ್ರತಿಕಾಯ ಇನ್ನಷ್ಟು ಹರಿತವಾಗಲೆಂದು ಅದೇ ವಂಶವಾಹಿಯಲ್ಲಿ ಬೇಕೆಂದೇ ಬದಲಾವಣೆಗಳನ್ನು ಮಾಡಿಕೊಳ್ಳುತ್ತದೆ. ದೇಹದ ಬೇರೆ ಜೀವಕೋಶಗಳು ತಮ್ಮ ಡಿಎನ್ಎಯನ್ನು ಜೋಪಾನ ಮಾಡುತ್ತಿರುವಾಗ ಇದು ಕತ್ತರಿ ಹಿಡಿದು ಕೂತಿರುತ್ತದೆ. ಲಿಂಫೋಮಾಗಳಲ್ಲಿ ಬಹುಪಾಲು ಬಿ ಕಣಗಳಿಂದಲೇ ಹುಟ್ಟುವುದಕ್ಕೆ ಇದೊಂದು ಮುಖ್ಯ ಕಾರಣ.

ಕತ್ತರಿ ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ ಎರಡು ಉದಾಹರಣೆಗಳು ಸಾಕು. 18ನೇ ವರ್ಣತಂತುವಿನಲ್ಲಿರುವ ಬಿಸಿಎಲ್-2 ಎಂಬ ವಂಶವಾಹಿ ಜೀವಕೋಶದ ಸಾವನ್ನು ತಡೆಯುತ್ತದೆ. ಅದು 14ನೇ ವರ್ಣತಂತುವಿಗೆ ಹೋಗಿ, ಸದಾ ಚುರುಕಾಗಿರುವ ಪ್ರತಿಕಾಯದ ವಂಶವಾಹಿಯ ಪಕ್ಕದಲ್ಲಿ ಕೂತರೆ, ಸಾಯಬೇಕಾದ ಕಣ ಸಾಯುವುದಿಲ್ಲ. ಬಹುತೇಕ ಫಾಲಿಕ್ಯುಲರ್ ಲಿಂಫೋಮಾಗಳಲ್ಲಿ ಕಾಣುವುದು ಇದೇ. 8ನೇ ವರ್ಣತಂತುವಿನ ಮಿಕ್ ಎಂಬ ವಂಶವಾಹಿ ಅದೇ ಜಾಗಕ್ಕೆ ಬಂದರೆ ಕಣ ಬಿಡುವಿಲ್ಲದೆ ವಿಭಜನೆಯಾಗತೊಡಗುತ್ತದೆ. ಅದು ಬರ್ಕಿಟ್ ಲಿಂಫೋಮಾ, ಒಂದೆರಡು ದಿನಗಳಲ್ಲಿ ಇಮ್ಮಡಿಯಾಗಬಲ್ಲ ಗಡ್ಡೆ. ವಿಚಿತ್ರವೆಂದರೆ, ಈ ವೇಗದ ಕಾಯಿಲೆಯನ್ನು ತೀವ್ರವಾದ ಕೀಮೋಥೆರಪಿಯಿಂದ ಅನೇಕ ಸಲ, ಅದರಲ್ಲೂ ಮಕ್ಕಳಲ್ಲಿ, ಪೂರ್ತಿ ಗುಣಪಡಿಸಬಹುದು, ಏಕೆಂದರೆ ಆ ಔಷಧಿಗಳು ಹೊಡೆಯುವುದು ವಿಭಜನೆಯಾಗುತ್ತಿರುವ ಕಣಗಳನ್ನೇ. ನಿಧಾನವಾಗಿ ಬೆಳೆಯುವ ಫಾಲಿಕ್ಯುಲರ್ ಹತೋಟಿಗೆ ಬರುತ್ತದೆ, ವರ್ಷಗಳ ನಂತರ ಮರಳುತ್ತದೆ. ತೊಂದರೆ ಕೊಡದಿದ್ದರೆ ಚಿಕಿತ್ಸೆಯಿಲ್ಲದೆ ಗಮನಿಸುತ್ತಿರುವುದೇ ಸರಿಯಾದ ಕ್ರಮವಾಗಿರಬಹುದು. 'ಕ್ಯಾನ್ಸರ್ ಇದ್ದೂ ಸುಮ್ಮನಿರುವುದೇ?' ಎಂದು ಮನೆಯವರು ಗಾಬರಿಯಾಗುವುದು ಸಹಜ.

ಬರ್ಕಿಟ್ ಕಥೆಯಲ್ಲಿ ಸೊಳ್ಳೆಯೂ ಇದೆ. ಉಗಾಂಡಾದ ಕಂಪಾಲಾದಲ್ಲಿದ್ದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ 1957ರಲ್ಲಿ ದವಡೆಗಳು ಊದಿಕೊಂಡ ಮಗುವೊಂದನ್ನು ಕಂಡು, ಅಂತಹ ಮಕ್ಕಳು ಎಲ್ಲೆಲ್ಲಿದ್ದಾರೆಂದು ಹುಡುಕುತ್ತ 1961ರಲ್ಲಿ ಪೂರ್ವ ಮತ್ತು ದಕ್ಷಿಣ ಆಫ್ರಿಕಾದ ಊರೂರು ಸುತ್ತಿದರು. ಕಾಯಿಲೆಯ ನಕ್ಷೆ ಮಳೆ ಮತ್ತು ಉಷ್ಣತೆಯ ನಕ್ಷೆಗೆ, ಎಂದರೆ ಮಲೇರಿಯಾದ ನಕ್ಷೆಗೆ, ಹೊಂದಿಕೊಂಡಿತು. ಅವರ ಭಾಷಣ ಕೇಳಿದ್ದ ಆಂಥನಿ ಎಪ್‌ಸ್ಟೈನ್ ಮತ್ತು ಸಂಗಡಿಗರು 1964ರಲ್ಲಿ ಆ ಗಡ್ಡೆಯ ಕಣಗಳೊಳಗೆ ಹೊಸ ವೈರಸ್ಸೊಂದನ್ನು ಕಂಡರು. ಅದೇ ಎಪ್‌ಸ್ಟೈನ್-ಬಾರ್ ವೈರಸ್.

ಹೊಟ್ಟೆಯ ಒಳಪದರದಲ್ಲಿ ಹುಟ್ಟುವ ಮಾಲ್ಟ್ ಲಿಂಫೋಮಾದ ಹಿಂದೆ ಸಾಮಾನ್ಯವಾಗಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಆರಂಭದ ಹಂತದಲ್ಲಿ ಬ್ಯಾಕ್ಟೀರಿಯಾಕ್ಕೆ ಆಂಟಿಬಯಾಟಿಕ್ ಕೊಟ್ಟರೆ ಹೆಚ್ಚಿನವರಲ್ಲಿ ಕ್ಯಾನ್ಸರ್ ತಾನೇ ಹಿಂಜರಿಯುತ್ತದೆ. ಹಾಡ್ಕಿನ್ ಕಾಯಿಲೆಯದು ಮತ್ತೊಂದು ಒಗಟು: ಊದಿದ ಗ್ರಂಥಿಯಲ್ಲಿ ಗೂಬೆಯ ಕಣ್ಣುಗಳನ್ನು ನೆನಪಿಸುವ ರೀಡ್-ಸ್ಟರ್ನ್‌ಬರ್ಗ್ ಕಣಗಳು ಬೆರಳೆಣಿಕೆಯಷ್ಟಿದ್ದು, ಉಳಿದದ್ದೆಲ್ಲ ಅವುಗಳ ಸುತ್ತ ನೆರೆದ ಆರೋಗ್ಯವಂತ ಕಣಗಳೇ. ಬಿ ಕಣದ ಗುರುತುಗಳನ್ನು ಬಹುತೇಕ ಕಳೆದುಕೊಂಡ ಅವುಗಳ ಮೂಲ ಖಚಿತವಾದದ್ದು 1990ರ ದಶಕದಲ್ಲಿ. ಲಿಂಫೋಸೈಟ್‌ಗಳ ಇನ್ನೊಂದು ಬಗೆಯಾದ ಟಿ ಕಣಗಳ ಲಿಂಫೋಮಾಗಳು ವಿರಳ. ಕೆಲವು ಚರ್ಮದಲ್ಲೇ ಶುರುವಾಗಿ ವರ್ಷಗಟ್ಟಲೆ ಇಸುಬಿನಂತೆ ತೋರುತ್ತವೆ.

ಬಗೆ ಯಾವುದೆಂದು ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಸಾಮಾನ್ಯವಾಗಿ ಹೇಳಲಾರದು. ಸೂಜಿಯಿಂದ ಹೀರಿದ ಒಂದಿಷ್ಟು ಕಣಗಳೂ ಹಲವೊಮ್ಮೆ ಸಾಲವು. ಗ್ರಂಥಿಯ ರಚನೆಯನ್ನು ನೋಡಬೇಕಾದ್ದರಿಂದ ಸಾಧ್ಯವಿದ್ದಲ್ಲಿ ಇಡೀ ಗ್ರಂಥಿಯನ್ನೇ ತೆಗೆದು ಬಯಾಪ್ಸಿ ಮಾಡುತ್ತಾರೆ. ಅದಕ್ಕೂ ಮುನ್ನ ಸ್ಟಿರಾಯ್ಡ್ ಕೊಟ್ಟುಬಿಟ್ಟರೆ ಲಿಂಫೋಮಾದ ಕಣಗಳು ಸಾಯುತ್ತವೆ, ಗಂಟು ಕುಗ್ಗುತ್ತದೆ, ಜ್ವರವೂ ಬಿಡುತ್ತದೆ. ರೋಗಿ ಸಮಾಧಾನದಿಂದ ಮನೆಗೆ ಹೋಗಿ, ಕೆಲವು ವಾರಗಳಲ್ಲಿ ಅದೇ ಗಂಟಿನೊಂದಿಗೆ ಹಿಂದಿರುಗಬಹುದು. ಆ ನಡುವೆ ತೆಗೆದ ಮಾದರಿಯಲ್ಲಿ ಸತ್ತ ಕಣಗಳಷ್ಟೇ ಸಿಕ್ಕರೆ, ಅವು ಯಾವ ಬಗೆಯವೆಂದು ಸೂಕ್ಷ್ಮದರ್ಶಕದ ಮುಂದೆ ಕೂತವರಿಗೂ ಹೇಳಲಾಗುವುದಿಲ್ಲ.